ಮೇನ್ ರಾಜ್ಯದ ಗವರ್ನರ್ ಮತ್ತು ಎರಡನೇ ಪ್ರಾಶಸ್ತ್ಯದ ಮತ

2018ರ ಡಿಸೆಂಬರ್ ಕೊನೆಯ ವಾರದಲ್ಲಿ ಅಮೆರಿಕದ ಮೇನ್ ರಾಜ್ಯದ ಗವರ್ನರ್, ರಿಪಬ್ಲಿಕನ್ ಪಕ್ಷದ ಪಾಲ್ ಲೆಪೇಜ್ ಒಂದು ಚುನಾವಣಾ ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ರಾಜ್ಯದ ಎರಡನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಿಂದ ಡೆಮಾಕ್ರಟಿಕ್ ಪಕ್ಷದ ಜೇರೆಡ್ ಗೋಲ್ಡನ್ ಆಯ್ಕೆಯಾಗಿದ್ದಾರೆ ಎಂದು ಸಾರುವ ಪತ್ರ ಅದು. ಆ ಗೆಲುವು ಬಂದದ್ದು ಪ್ರಾಶಸ್ತ್ಯ ಮತದಾನದಿಂದ, ಅಂದರೆ ಮತದಾರರು ಅಭ್ಯರ್ಥಿಗಳಿಗೆ ಮೊದಲ, ಎರಡನೇ ಎಂದು ಕ್ರಮ ಗುರುತಿಸುವ ಪದ್ಧತಿಯಿಂದ. ಸಹಿಯ ಪಕ್ಕದಲ್ಲಿ ಅವರು ‘ಕದ್ದ ಚುನಾವಣೆ’ ಎಂದು ತಮ್ಮ ಕೈಯಾರೆ ಬರೆದರು. ಅವರ ಎಂಟು ವರ್ಷಗಳ ಅಧಿಕಾರ ಮುಗಿಯಲು ಆಗ ಕೆಲವೇ ದಿನಗಳು ಉಳಿದಿದ್ದವು.

ಈ ಪ್ರಸಂಗದ ಬಗ್ಗೆ ನಾನು ಓದಿದ ಹೆಚ್ಚಿನ ಚರ್ಚೆಗಳಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡುಬಿಟ್ಟಿವೆ. ಲೆಪೇಜ್ ಅವರನ್ನು ಇಷ್ಟಪಡದವರು, ಅವರಂಥವರು ಗೆಲ್ಲುವುದನ್ನು ತಪ್ಪಿಸುತ್ತದೆ ಎಂಬ ಕಾರಣಕ್ಕೇ ಪ್ರಾಶಸ್ತ್ಯ ಮತದಾನವನ್ನು ಮೆಚ್ಚುತ್ತಾರೆ. ಅವರ ಬೆಂಬಲಿಗರು, ಅವರನ್ನು ಸೋಲಿಸಲೆಂದೇ ಹುಟ್ಟಿದ ಪದ್ಧತಿ ಎಂದು ಅದನ್ನು ತಿರಸ್ಕರಿಸುತ್ತಾರೆ. ಒಂದು ಚುನಾವಣಾ ನಿಯಮವನ್ನು ಒಬ್ಬ ವ್ಯಕ್ತಿಯ ಮುಖ ನೋಡಿ ಅಳೆಯುವುದು ಎರಡೂ ಕಡೆಯವರಿಂದ ಆಗುತ್ತಿರುವ ಅನ್ಯಾಯವೆಂದು ನಾನು ಭಾವಿಸುತ್ತೇನೆ. ಲೆಪೇಜ್ ಎತ್ತಿದ ಆಕ್ಷೇಪಗಳಲ್ಲಿ ಒಂದೆರಡು ಗಂಭೀರವಾಗಿ ಉತ್ತರಿಸಬೇಕಾದವು. ಅವರು ಸಹಿಯ ಪಕ್ಕದಲ್ಲಿ ಬರೆದದ್ದು ಮಾತ್ರ ಅಂಥದ್ದಲ್ಲ.

ಮೊದಲು ಆ ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು. ಲೆಪೇಜ್ ಹುಟ್ಟಿದ್ದು 1948ರಲ್ಲಿ, ಲೂಯಿಸ್ಟನ್ ಎಂಬ ಕಾರ್ಖಾನೆಗಳ ಪಟ್ಟಣದಲ್ಲಿ, ಮನೆಯಲ್ಲಿ ಫ್ರೆಂಚ್ ಮಾತನಾಡುವ ಬಡ ಕುಟುಂಬದಲ್ಲಿ. ಹದಿನೆಂಟು ಮಕ್ಕಳಲ್ಲಿ ಅವರೇ ಹಿರಿಯರು. ತಂದೆಯ ಹೊಡೆತ ತಾಳಲಾರದೆ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು, ಬೀದಿಯಲ್ಲಿ ಬದುಕಿ, ಬೂಟ್ ಪಾಲಿಶ್ ಮಾಡಿ ಹೊಟ್ಟೆ ಹೊರೆದರು. ಇಂಗ್ಲಿಷ್ ಸಾಲದೆ ಕಾಲೇಜು ಸೇರುವುದು ಕಷ್ಟವಾದಾಗ, ಪರಿಚಿತರೊಬ್ಬರ ಪ್ರಯತ್ನದಿಂದ ಫ್ರೆಂಚ್‌ನಲ್ಲಿ ಪ್ರವೇಶ ಪರೀಕ್ಷೆ ಬರೆಯಲು ಅವಕಾಶ ಸಿಕ್ಕಿ, ಬ್ಯಾಂಗರ್ ನಗರದ ಹಸನ್ ಕಾಲೇಜಿಗೆ ಸೇರಿದರು. ಮುಂದೆ ಅಗ್ಗದ ಸರಕು ಮಾರುವ ಅಂಗಡಿಗಳ ಸರಪಳಿಯೊಂದರ ವ್ಯವಸ್ಥಾಪಕರಾದರು, ವಾಟರ್‌ವಿಲ್ ನಗರದ ಮೇಯರ್ ಆದರು. ಅಧಿಕಾರಕ್ಕೆ ಬಂದ ಮೇಲೆ ಅವರು ಆಡಿದ ಮಾತುಗಳನ್ನು ನೆನೆದು ಕೋಪಗೊಳ್ಳುವ ನನಗೂ ಈ ಬದುಕಿನ ಬಗ್ಗೆ ಗೌರವವಿದೆ. ಅವರನ್ನು ಕೊನೆಯವರೆಗೂ ಬಿಡದ ಸಾವಿರಾರು ಮತದಾರರು ಅವರಲ್ಲಿ ತಮ್ಮ ಬದುಕನ್ನೇ ಕಂಡಿದ್ದರು ಎಂಬುದನ್ನು ಮರೆತು ಮೇನ್ ರಾಜಕೀಯವನ್ನು ಅರ್ಥ ಮಾಡಿಕೊಳ್ಳಲಾಗದು.

ವಿವಾದಗಳ ಪಟ್ಟಿ ಉದ್ದವಾಗಿದೆ, ಕೆಲವನ್ನಷ್ಟೇ ಹೇಳುತ್ತೇನೆ. 2011ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಕರಿಯರ ಹಕ್ಕುಗಳ ಸಂಘಟನೆಯ ಬಗ್ಗೆ ಅಸಭ್ಯ ಮಾತನಾಡಿದರು. ಅದೇ ವರ್ಷ ಕಾರ್ಮಿಕ ಇಲಾಖೆಯ ಗೋಡೆಯಲ್ಲಿದ್ದ, ಕಾರ್ಮಿಕ ಚರಿತ್ರೆಯನ್ನು ಚಿತ್ರಿಸಿದ ಭಿತ್ತಿಚಿತ್ರವನ್ನು ತೆಗೆಸಿದರು. 2016ರ ಜನವರಿಯಲ್ಲಿ ಮಾದಕ ವಸ್ತು ಮಾರುವವರ ಬಗ್ಗೆ ಜನಾಂಗೀಯ ಛಾಯೆಯುಳ್ಳ ಮಾತನ್ನಾಡಿ ದೇಶದಾದ್ಯಂತ ಟೀಕೆಗೊಳಗಾದರು. ಅದೇ ವರ್ಷದ ಆಗಸ್ಟ್‌ನಲ್ಲಿ ವಿರೋಧ ಪಕ್ಷದ ಶಾಸಕರೊಬ್ಬರ ಫೋನಿಗೆ ಬೈಗುಳದ ಧ್ವನಿ ಸಂದೇಶ ಕಳಿಸಿದರು. ಎಂಟು ವರ್ಷಗಳಲ್ಲಿ 600ಕ್ಕೂ ಹೆಚ್ಚು ಮಸೂದೆಗಳನ್ನು ವೀಟೊ ಮಾಡಿದರು, ಆ ರಾಜ್ಯದಲ್ಲಿ ಅದೊಂದು ದಾಖಲೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸುವ ಮಸೂದೆಯನ್ನು ಶಾಸನಸಭೆ ಮತ್ತೆ ಮತ್ತೆ ಅಂಗೀಕರಿಸಿದಾಗಲೂ ತಡೆದರು. 2017ರ ನವೆಂಬರ್‌ನಲ್ಲಿ ಜನರೇ ನೇರ ಮತದಾನದ ಮೂಲಕ ಶೇ. 59ರಷ್ಟು ಬೆಂಬಲದೊಂದಿಗೆ ಅದನ್ನು ಒಪ್ಪಿದ ಮೇಲೂ ತಾವು ಅಧಿಕಾರದಲ್ಲಿ ಇರುವವರೆಗೆ ಜಾರಿಗೆ ತರಲಿಲ್ಲ. ಹಿಂದಿನ ಒರಟು ಮಾತುಗಳನ್ನೆಲ್ಲ ಒಟ್ಟಿಗೆ ಇಟ್ಟರೂ ಅವುಗಳಿಗಿಂತ ಈ ಕೊನೆಯದೇ ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ, ಏಕೆಂದರೆ ಮಾತು ಕೇಳಿಸಿಕೊಂಡವರನ್ನು ನೋಯಿಸುತ್ತದೆ, ಆದರೆ ಜನರು ಮಾಡಿದ ಕಾನೂನನ್ನು ಗವರ್ನರ್ ಬದಿಗಿಟ್ಟರೆ ಆಸ್ಪತ್ರೆಯ ಬಿಲ್ಲು ಕಟ್ಟಲಾಗದವರ ಮನೆಗಳಲ್ಲಿ ಅದರ ಪರಿಣಾಮ ಉಳಿಯುತ್ತದೆ.

ಇಂಥ ವ್ಯಕ್ತಿ ಗೆದ್ದದ್ದು ಹೇಗೆ ಎಂಬ ಪ್ರಶ್ನೆಯಿಂದಲೇ ಪ್ರಾಶಸ್ತ್ಯ ಮತದಾನದ ಚರ್ಚೆ ರಾಜ್ಯದ ಮನೆಮನೆಗೆ ತಲುಪಿತು. 2010ರ ಚುನಾವಣೆಯಲ್ಲಿ ಲೆಪೇಜ್‌ಗೆ ಬಂದದ್ದು ಶೇ. 38ರ ಆಸುಪಾಸಿನ ಮತ. ಪಕ್ಷೇತರ ಅಭ್ಯರ್ಥಿ ಎಲಿಯಟ್ ಕಟ್ಲರ್ ಶೇ. 36ರ ಆಸುಪಾಸು ಪಡೆದು ಹತ್ತು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಸೋತರು. ಡೆಮಾಕ್ರಟಿಕ್ ಪಕ್ಷದ ಲಿಬ್ಬಿ ಮಿಚೆಲ್ ಶೇ. 19ರ ಬಳಿ ನಿಂತರು. ಮುಂದಿನ ವರ್ಷಗಳಲ್ಲಿ ‘61%’ ಎಂಬ ಸ್ಟಿಕರ್ ಅಂಟಿಸಿಕೊಂಡ ಕಾರುಗಳು ಮೇನ್ ರಸ್ತೆಗಳಲ್ಲಿ ಓಡಾಡಿದವು. ನಾವು ಇವರಿಗೆ ಮತ ಹಾಕಿದವರಲ್ಲ ಎಂದು ಹೇಳುವ ಬಗೆ ಅದು. ಆದರೆ ಅಂಥ ಗೆಲುವು ಲೆಪೇಜ್ ಅವರಿಂದ ಶುರುವಾದದ್ದಲ್ಲ. ಸ್ವತಂತ್ರ ಅಭ್ಯರ್ಥಿಗಳನ್ನು ಗಂಭೀರವಾಗಿ ಪರಿಗಣಿಸುವ ರಾಜ್ಯ ಮೇನ್. 1974ರಲ್ಲಿ ಪಕ್ಷೇತರ ಜೇಮ್ಸ್ ಲಾಂಗ್ಲಿ ಶೇ. 39ರ ಬಳಿ ಮತ ಪಡೆದು ಗವರ್ನರ್ ಆದರು, 1994ರಲ್ಲಿ ಪಕ್ಷೇತರ ಆಂಗಸ್ ಕಿಂಗ್ ಶೇ. 35ರಷ್ಟರಲ್ಲೇ ಗೆದ್ದರು, 2006ರಲ್ಲಿ ಡೆಮಾಕ್ರಟಿಕ್ ಪಕ್ಷದ ಜಾನ್ ಬಾಲ್ಡಾಚಿ ಶೇ. 38ರಲ್ಲಿ ಮರು ಆಯ್ಕೆಯಾದರು. 1974ರಿಂದ 2014ರವರೆಗಿನ ಹನ್ನೊಂದು ಗವರ್ನರ್ ಚುನಾವಣೆಗಳಲ್ಲಿ ಗೆದ್ದವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದದ್ದು 1982 ಮತ್ತು 1998ರಲ್ಲಿ ಮಾತ್ರ. ಹೀಗಿರುವಾಗ 2010ರ ಫಲಿತಾಂಶವೊಂದನ್ನೇ ಅಪಚಾರವೆಂದು ಹೇಳುವುದು ನ್ಯಾಯವಲ್ಲ. ಬಾಲ್ಡಾಚಿ ಗೆದ್ದಾಗ ಸುಮ್ಮನಿದ್ದವರು ಲೆಪೇಜ್ ಗೆದ್ದಾಗ ನಿಯಮವನ್ನು ನೆನೆದರು ಎಂಬ ರಿಪಬ್ಲಿಕನ್ನರ ಆರೋಪದಲ್ಲಿ ಸತ್ಯಾಂಶವಿದೆ.

2014ರಲ್ಲೂ ಮೂವರು ಕಣದಲ್ಲಿದ್ದರು: ಲೆಪೇಜ್, ಡೆಮಾಕ್ರಟಿಕ್ ಪಕ್ಷದ ಮೈಕ್ ಮಿಶೋ, ಮತ್ತು ಕಟ್ಲರ್. ಮತದಾನಕ್ಕೆ ಒಂದು ವಾರಕ್ಕಿಂತ ಕಡಿಮೆ ಇರುವಾಗ ಕಟ್ಲರ್, ತಾನು ಗೆಲ್ಲಲಾರೆನೆಂದು ಅನ್ನಿಸಿದವರು ತಮ್ಮ ಆತ್ಮಸಾಕ್ಷಿಗೆ ತಕ್ಕಂತೆ ಬೇರೆಯವರಿಗೆ ಮತ ಹಾಕಬಹುದೆಂದು ಬೆಂಬಲಿಗರಿಗೆ ತಿಳಿಸಿದರು. ಅವರನ್ನು ಬೆಂಬಲಿಸುತ್ತಿದ್ದ ಸೆನೆಟರ್ ಆಂಗಸ್ ಕಿಂಗ್ ಮಿಶೋ ಕಡೆ ಸರಿದರು. ಆದರೂ ಲೆಪೇಜ್ ಶೇ. 48ರಷ್ಟು ಮತ ಪಡೆದು ಗೆದ್ದರು, ಮಿಶೋಗೆ ಶೇ. 43, ಕಟ್ಲರ್‌ಗೆ ಶೇ. 8 ಬಂತು. ಆ ವರ್ಷ ಪ್ರಾಶಸ್ತ್ಯ ಮತದಾನ ಇದ್ದಿದ್ದರೂ ಲೆಪೇಜ್ ಗೆಲ್ಲುವ ಸಾಧ್ಯತೆಯೇ ಹೆಚ್ಚಿತ್ತೆಂದು ನನ್ನ ಎಣಿಕೆ, ಏಕೆಂದರೆ ಕಟ್ಲರ್ ಮತದಾರರಲ್ಲಿ ಅಲ್ಪ ಭಾಗ ಅವರ ಕಡೆ ಬಂದರೂ ಅರ್ಧದ ಗೆರೆ ದಾಟುತ್ತಿತ್ತು. ಈ ಪದ್ಧತಿ ಇದ್ದಿದ್ದರೆ ಆ ಮನುಷ್ಯ ಗವರ್ನರ್ ಆಗುತ್ತಲೇ ಇರಲಿಲ್ಲ ಎಂಬ ನಂಬಿಕೆಗೆ 2010ರಲ್ಲಿ ಒಂದಷ್ಟು ಆಧಾರವಿದೆ, 2014ರಲ್ಲಿ ಇಲ್ಲ.

ಪದ್ಧತಿಯ ಕ್ರಮ ಸರಳವಾಗಿದೆ. ಮತಪತ್ರದಲ್ಲಿ ಮತದಾರರು ಅಭ್ಯರ್ಥಿಗಳಿಗೆ ಮೊದಲ, ಎರಡನೇ, ಮೂರನೇ ಪ್ರಾಶಸ್ತ್ಯವನ್ನು ಗುರುತಿಸುತ್ತಾರೆ. ಯಾರಿಗಾದರೂ ಮೊದಲ ಪ್ರಾಶಸ್ತ್ಯದ ಮತಗಳೇ ಅರ್ಧಕ್ಕಿಂತ ಹೆಚ್ಚು ಬಂದರೆ ಎಣಿಕೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಕೊನೆಯಲ್ಲಿರುವವರನ್ನು ಕಣದಿಂದ ಹೊರಗಿಟ್ಟು, ಅವರಿಗೆ ಬಂದ ಪ್ರತಿ ಮತಪತ್ರದ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಉಳಿದವರಲ್ಲಿ ಒಬ್ಬರು ಅರ್ಧ ದಾಟುವವರೆಗೆ ಹೀಗೇ ಮುಂದುವರಿಯುತ್ತದೆ. ಎರಡನೇ ಪ್ರಾಶಸ್ತ್ಯ ಬರೆಯಲೇಬೇಕೆಂಬ ಒತ್ತಾಯ ಮೇನ್‌ನಲ್ಲಿಲ್ಲ. ಒಬ್ಬರ ಹೆಸರಿನ ಮುಂದೆ ಮಾತ್ರ ಗುರುತು ಹಾಕಿ ಬರಬಹುದು. ಈ ಸ್ವಾತಂತ್ರ್ಯವೇ ಮುಂದೆ ವಿವಾದದ ಒಂದು ಮೂಲವಾಯಿತು.

2016ರ ನವೆಂಬರ್‌ನಲ್ಲಿ ಮೇನ್ ಜನರು ನೇರ ಮತದಾನದಲ್ಲಿ, ಶೇ. 52ರಷ್ಟು ಬೆಂಬಲದಿಂದ, ಈ ಪದ್ಧತಿಯನ್ನು ಒಪ್ಪಿದರು. ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಅದನ್ನು ಒಪ್ಪಿದ ಮೊದಲ ಅಮೆರಿಕನ್ ರಾಜ್ಯ ಅದು. ಪೋರ್ಟ್‌ಲ್ಯಾಂಡ್ ನಗರ ಮಾತ್ರ 2011ರಿಂದಲೇ ತನ್ನ ಮೇಯರ್ ಚುನಾವಣೆಯಲ್ಲಿ ಬಳಸುತ್ತಿತ್ತು. ಆದರೆ 2017ರ ಮೇ ತಿಂಗಳಿನಲ್ಲಿ, ರಾಜ್ಯ ಸೆನೆಟ್ ಕೇಳಿದ ಪ್ರಶ್ನೆಗೆ ಉತ್ತರವಾಗಿ, ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ಒಮ್ಮತದಿಂದ ಒಂದು ಅಭಿಪ್ರಾಯ ಕೊಟ್ಟರು: ಗವರ್ನರ್ ಮತ್ತು ರಾಜ್ಯ ಶಾಸಕರ ಸಾರ್ವತ್ರಿಕ ಚುನಾವಣೆಯಲ್ಲಿ ಈ ಪದ್ಧತಿ ರಾಜ್ಯದ ಸಂವಿಧಾನಕ್ಕೆ ಹೊಂದುವುದಿಲ್ಲ, ಏಕೆಂದರೆ ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಆಯ್ಕೆಯಾಗುತ್ತಾರೆ ಎಂದು ಸಂವಿಧಾನ ಸ್ಪಷ್ಟವಾಗಿ ಹೇಳಿದೆ.

ಈ ಸಾಲು ಸಂವಿಧಾನದಲ್ಲಿ ಸೇರಿದ ಕಥೆಯನ್ನು ಪ್ರಾಶಸ್ತ್ಯ ಮತದಾನದ ಬೆಂಬಲಿಗರು ಇನ್ನಷ್ಟು ಗಮನದಿಂದ ಓದಬೇಕೆಂದು ನನಗನಿಸುತ್ತದೆ. ಮೊದಲು ಮೇನ್‌ನಲ್ಲಿ ಗವರ್ನರ್ ಆಗಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿತ್ತು. ಯಾರಿಗೂ ಅಷ್ಟು ಬರದಿದ್ದರೆ ಆಯ್ಕೆ ಶಾಸನಸಭೆಯ ಕೈಗೆ ಹೋಗುತ್ತಿತ್ತು. 1879ರ ಚುನಾವಣೆಯಲ್ಲಿ ಹಾಗೇ ಆಯಿತು. ಶಾಸನಸಭೆಗೆ ಗೆದ್ದವರು ಯಾರೆಂಬುದರ ಬಗ್ಗೆಯೇ ಜಗಳ ಹುಟ್ಟಿ, ಎರಡು ಬಣಗಳು ತಮ್ಮದೇ ನಿಜವಾದ ಸಭೆಯೆಂದು ವಾದಿಸಿ, ಆಯುಧ ಹಿಡಿದವರು ರಾಜ್ಯದ ರಾಜಧಾನಿ ಅಗಸ್ಟಾದ ಬೀದಿಗಳಿಗೆ ಬಂದರು. ಅಂತರ್ಯುದ್ಧದ ವೀರನೂ ಮಾಜಿ ಗವರ್ನರನೂ ಆಗಿದ್ದ ಜೋಷುವಾ ಚೇಂಬರ್ಲಿನ್ 1880ರ ಜನವರಿಯಲ್ಲಿ ರಾಜ್ಯ ಸೇನಾಪಡೆಯ ಮುಖ್ಯಸ್ಥನಾಗಿ ವಿಧಾನಭವನವನ್ನು ಕಾಯ್ದು, ನ್ಯಾಯಾಲಯದ ತೀರ್ಪು ಬರುವವರೆಗೆ ರಕ್ತಪಾತವಾಗದಂತೆ ನೋಡಿಕೊಂಡನು. ಅದೇ ವರ್ಷ ಸಂವಿಧಾನ ತಿದ್ದುಪಡಿಯಾಗಿ, ಅತಿ ಹೆಚ್ಚು ಮತ ಪಡೆದವರು ಗೆಲ್ಲುವ ನಿಯಮ ಬಂತು. ಅಂದರೆ ಆ ನಿಯಮ ಯಾರದೋ ಅಜಾಗರೂಕತೆಯಿಂದ ಉಳಿದುಕೊಂಡದ್ದಲ್ಲ. ಜನರು ಭಯಪಟ್ಟು, ಯೋಚಿಸಿ ಬರೆದದ್ದು. ಅದನ್ನು ಬದಲಿಸಲು ಸಂವಿಧಾನದ ದಾರಿಯಲ್ಲೇ ಹೋಗಬೇಕು ಎಂಬ ವಿರೋಧಿಗಳ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಆ ಅಭಿಪ್ರಾಯ ಪಕ್ಷಗಳ ಒಳಗಿನ ಪ್ರಾಥಮಿಕ ಚುನಾವಣೆಗಳನ್ನಾಗಲಿ, ಅಮೆರಿಕದ ಕಾಂಗ್ರೆಸ್ಸಿಗೆ ನಡೆಯುವ ಚುನಾವಣೆಗಳನ್ನಾಗಲಿ ಮುಟ್ಟಿರಲಿಲ್ಲ. ಶಾಸನಸಭೆ ಅಷ್ಟಕ್ಕೆ ನಿಲ್ಲಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಇಡೀ ಪದ್ಧತಿಯನ್ನು 2021ರವರೆಗೆ ಮುಂದೂಡಿ, ಅಷ್ಟರೊಳಗೆ ಸಂವಿಧಾನ ತಿದ್ದುಪಡಿಯಾಗದಿದ್ದರೆ ಕಾನೂನೇ ರದ್ದಾಗುವಂತೆ ಮಾಡಿತು. 2016ರಲ್ಲಿ ಜನರು ನೇರವಾಗಿ ಒಪ್ಪಿದ್ದ ಇನ್ನೊಂದು ಕಾನೂನನ್ನೂ, ಅಂದರೆ ಹೆಚ್ಚು ಆದಾಯದವರ ಮೇಲೆ ತೆರಿಗೆ ಹಾಕಿ ಶಾಲೆಗಳಿಗೆ ಕೊಡುವ ಕಾನೂನನ್ನೂ, ಅದೇ ವರ್ಷ ಶಾಸಕರು ತೆಗೆದುಹಾಕಿದ್ದರು. ಹಾಗಾಗಿ ಆ ಮುಂದೂಡಿಕೆಯನ್ನು ಜನಮತಕ್ಕೆ ಹಾಕಿ ರದ್ದುಮಾಡಲು ಚಳಿಗಾಲದ ಹಿಮದಲ್ಲಿ ಸ್ವಯಂಸೇವಕರು ಅರವತ್ತು ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿದ್ದು ಮತ ಎಣಿಸುವ ವಿಧಾನಕ್ಕಾಗಿ ಮಾತ್ರ ಎಂದು ನನಗನಿಸುವುದಿಲ್ಲ. ನಾವು ಮಾಡಿದ ಕಾನೂನಿಗೆ ಅಗಸ್ಟಾದಲ್ಲಿ ಬೆಲೆ ಇದೆಯೇ ಎಂಬ ಪ್ರಶ್ನೆಯೂ ಅದರಲ್ಲಿತ್ತು. ‘ಜನರ ವೀಟೊ’ ಎಂದು ಆ ರಾಜ್ಯದಲ್ಲಿ ಕರೆಯುವ ಈ ಕ್ರಮ 2018ರ ಜೂನ್ 12ರಂದು ಮತಕ್ಕೆ ಬಂದು, ಶೇ. 54ರಷ್ಟು ಬೆಂಬಲ ಪಡೆಯಿತು. ಅದೇ ದಿನ ಪ್ರಾಥಮಿಕ ಚುನಾವಣೆಯಲ್ಲಿ ಪ್ರಾಶಸ್ತ್ಯ ಮತದಾನ ಮೊದಲ ಬಾರಿ ರಾಜ್ಯಮಟ್ಟದಲ್ಲಿ ಬಳಕೆಯಾಯಿತು. ಡೆಮಾಕ್ರಟಿಕ್ ಪಕ್ಷದ ಏಳು ಹೆಸರುಗಳ ನಡುವೆ, ಹಲವು ಸುತ್ತುಗಳ ಎಣಿಕೆಯ ನಂತರ, ಜಾನೆಟ್ ಮಿಲ್ಸ್ ಗವರ್ನರ್ ಹುದ್ದೆಯ ಅಭ್ಯರ್ಥಿಯಾದರು. ಈ ಪದ್ಧತಿಯನ್ನು ಜಗತ್ತಿನಲ್ಲೇ ಅತಿ ಭಯಾನಕವಾದದ್ದೆಂಬಂತೆ ಬಣ್ಣಿಸಿದ ಲೆಪೇಜ್, ಫಲಿತಾಂಶಕ್ಕೆ ಬಹುಶಃ ತಾನು ಪ್ರಮಾಣಪತ್ರ ಕೊಡುವುದಿಲ್ಲ, ನ್ಯಾಯಾಲಯಗಳೇ ನೋಡಿಕೊಳ್ಳಲಿ ಎಂದಿದ್ದರು. ಫಲಿತಾಂಶ ಮಾತ್ರ ಊರ್ಜಿತವಾಗಿ ಉಳಿಯಿತು.

ಆ ವರ್ಷದ ನವೆಂಬರ್ 6ರ ಎರಡನೇ ಕ್ಷೇತ್ರದ ಸ್ಪರ್ಧೆಯೇ ಈ ಪದ್ಧತಿಯ ನಿಜವಾದ ಪರೀಕ್ಷೆ, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾಡು, ಸರೋವರ, ಮುಚ್ಚಿದ ಕಾಗದದ ಗಿರಣಿಗಳ ಸಣ್ಣ ಊರುಗಳು, ಜೊತೆಗೆ ಬ್ಯಾಂಗರ್ ಮತ್ತು ಲೂಯಿಸ್ಟನ್ ನಗರಗಳು ಸೇರಿದ ವಿಶಾಲ ಗ್ರಾಮೀಣ ಕ್ಷೇತ್ರ ಅದು. ಹಾಲಿ ಸದಸ್ಯ, ರಿಪಬ್ಲಿಕನ್ ಪಕ್ಷದ ಬ್ರೂಸ್ ಪಾಲಿಕ್ವಿನ್ ಮೊದಲ ಪ್ರಾಶಸ್ತ್ಯದಲ್ಲಿ 1,34,184 ಮತ ಪಡೆದರು, ಗೋಲ್ಡನ್ 1,32,013. ಇಬ್ಬರು ಪಕ್ಷೇತರರಾದ ಟಿಫನಿ ಬಾಂಡ್ ಮತ್ತು ವಿಲ್ ಹೋರ್ ಇಬ್ಬರೂ ಸೇರಿ 23,000ಕ್ಕೂ ಹೆಚ್ಚು ಮತ ಪಡೆದಿದ್ದರು. ಯಾರಿಗೂ ಅರ್ಧ ದಾಟಲಿಲ್ಲ. ಊರೂರುಗಳ ಮತಗಳನ್ನು ಅಗಸ್ಟಾಕ್ಕೆ ತಂದು, ಪಕ್ಷೇತರರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಿದಾಗ ಗೋಲ್ಡನ್‌ಗೆ 10,000ಕ್ಕೂ ಹೆಚ್ಚು, ಪಾಲಿಕ್ವಿನ್‌ಗೆ 5,000ಕ್ಕಿಂತ ಸ್ವಲ್ಪ ಕಡಿಮೆ ಮತಗಳು ಸೇರಿದವು. ಅಂತಿಮ ಫಲಿತಾಂಶದಲ್ಲಿ ಗೋಲ್ಡನ್ ಸುಮಾರು 3,500 ಮತಗಳಿಂದ ಮುಂದಿದ್ದರು. ಎಣಿಕೆಯನ್ನು ನಿಲ್ಲಿಸಲು ಪಾಲಿಕ್ವಿನ್ ಫೆಡರಲ್ ನ್ಯಾಯಾಲಯಕ್ಕೆ ಹೋಗಿದ್ದರು. ಅಧ್ಯಕ್ಷ ಟ್ರಂಪ್ ಅವರೇ ನೇಮಿಸಿದ್ದ ನ್ಯಾಯಾಧೀಶ ಲ್ಯಾನ್ಸ್ ವಾಕರ್ ಡಿಸೆಂಬರ್‌ನಲ್ಲಿ ಅವರ ಎಲ್ಲ ವಾದಗಳನ್ನೂ ತಳ್ಳಿಹಾಕಿದರು: ಇಂಥ ಪದ್ಧತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ರಾಜ್ಯಗಳಿಗಿದೆ, ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದು ಜನರಿಗೆ ಬಿಟ್ಟದ್ದು ಎಂಬುದು ಆ ತೀರ್ಪಿನ ತಿರುಳು.

ಲೆಪೇಜ್ ಅವರ ಆಕ್ಷೇಪಗಳಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಒಂದು. ಈ ಪದ್ಧತಿ ನಿಜವಾದ ಬಹುಮತವನ್ನು ಕೊಡುವುದಾಗಿ ಹೇಳಿತ್ತು, ಆದರೆ ಕೊಡಲಿಲ್ಲ ಎಂದರು ಅವರು. ಲೆಕ್ಕ ಹಾಕಿ ನೋಡಿದೆ. ಮೊದಲ ಸುತ್ತಿನಲ್ಲಿ ಎಣಿಕೆಯಾದದ್ದು 2,89,624 ಮತ. ಕೊನೆಯ ಸುತ್ತಿನಲ್ಲಿ ಉಳಿದದ್ದು 2,81,371. ಎಂಟು ಸಾವಿರಕ್ಕೂ ಹೆಚ್ಚು ಮತಪತ್ರಗಳಲ್ಲಿ ಗೋಲ್ಡನ್ ಅಥವಾ ಪಾಲಿಕ್ವಿನ್‌ಗೆ ಸಲ್ಲುವ ಮುಂದಿನ ಪ್ರಾಶಸ್ತ್ಯ ಇಲ್ಲದೆ ಅವು ಎಣಿಕೆಯಿಂದ ಹೊರಬಿದ್ದವು. ಗೋಲ್ಡನ್ ಪಡೆದ 1,42,440 ಮತಗಳು ಕೊನೆಯ ಸುತ್ತಿನ ಶೇ. 50.6 ಆಗುತ್ತವೆ, ಮೊದಲ ಸುತ್ತಿನ ಒಟ್ಟು ಮತಗಳಿಗೆ ಹೋಲಿಸಿದರೆ ಶೇ. 49.2 ಮಾತ್ರ. ಅಂದರೆ ಲೆಪೇಜ್ ಹೇಳಿದ್ದರಲ್ಲಿ ಗಣಿತದ ತಪ್ಪಿಲ್ಲ. ಪ್ರಚಾರದಲ್ಲಿ ‘ಗೆದ್ದವರಿಗೆ ಯಾವಾಗಲೂ ಬಹುಮತ’ ಎಂಬ ಧಾಟಿಯಲ್ಲಿ ಮಾತನಾಡಿದವರು ಇಲ್ಲಿ ತಮ್ಮ ಮಾತನ್ನು ತಿದ್ದಿಕೊಳ್ಳಬೇಕಿತ್ತು, ಹೆಚ್ಚಿನವರು ತಿದ್ದಿಕೊಳ್ಳಲಿಲ್ಲ.

ಆದರೂ ಆ ಗಣಿತದಿಂದ ‘ಕಳವು’ ಎಂಬ ತೀರ್ಮಾನಕ್ಕೆ ಹೋಗಲಾಗದು. ಪಾಲಿಕ್ವಿನ್‌ಗೆ ಬಂದದ್ದು ಅದಕ್ಕಿಂತಲೂ ಕಡಿಮೆ. ಯಾವ ರೀತಿ ಎಣಿಸಿದರೂ ಅವರಿಗೆ ಅರ್ಧ ಸಿಗುತ್ತಿರಲಿಲ್ಲ. ಜಾರ್ಜಿಯಾದಂಥ ರಾಜ್ಯಗಳಲ್ಲಿ ಮೊದಲ ಇಬ್ಬರ ನಡುವೆ ಕೆಲವು ವಾರಗಳ ನಂತರ ಮತ್ತೊಂದು ಸುತ್ತಿನ ಮತದಾನ ನಡೆಯುತ್ತದೆ, ಅಲ್ಲಿಯೂ ಮೊದಲ ಬಾರಿ ಮತ ಹಾಕಿ ಎರಡನೇ ಬಾರಿ ಬಾರದವರು ಇರುತ್ತಾರೆ, ಅಲ್ಲಿ ಗೆದ್ದವರ ಬಹುಮತವನ್ನು ಯಾರೂ ಸುಳ್ಳೆನ್ನುವುದಿಲ್ಲ. ಮೇನ್‌ನಲ್ಲಿ ಹೊರಬಿದ್ದ ಎಂಟು ಸಾವಿರ ಮತದಾರರಿಗೆ ಕೊನೆಯ ಇಬ್ಬರ ನಡುವೆ ಆರಿಸುವ ಅವಕಾಶ ಮತಪತ್ರದಲ್ಲೇ ಇತ್ತು. ಬಹುಮಂದಿ ಅದನ್ನು ಬೇಡವೆಂದರು, ಕೆಲವರಿಗೆ ಕ್ರಮ ಅರ್ಥವಾಗದೆಯೂ ಇದ್ದಿರಬಹುದು. ಎರಡನೆಯದು ಸಾಧ್ಯವಾದಷ್ಟು ಕಡಿಮೆಯಾಗುವಂತೆ ತಿಳಿವಳಿಕೆ ಕೊಡುವುದು ಸರ್ಕಾರದ ಹೊಣೆ.

ಕಳವು ನಡೆಯಬೇಕಾದರೆ ಯಾರೋ ನಿಯಮ ಮುರಿದಿರಬೇಕು. ಇಲ್ಲಿ ನಿಯಮ ಎರಡು ಬಾರಿ ಜನರ ಮುಂದೆ ಹೋಗಿ ಎರಡು ಬಾರಿ ಗೆದ್ದಿತ್ತು. ಚುನಾವಣೆಗೆ ಮೊದಲೇ ಎಲ್ಲ ಅಭ್ಯರ್ಥಿಗಳಿಗೂ ತಿಳಿದಿತ್ತು. ಎಣಿಕೆ ಬಹಿರಂಗವಾಗಿ ನಡೆದಿತ್ತು. ನ್ಯಾಯಾಲಯ ಪರಿಶೀಲಿಸಿತ್ತು. ಪಾಲಿಕ್ವಿನ್ ತಾವೇ ಕೇಳಿದ್ದ ಮರುಎಣಿಕೆಯನ್ನು ಅರ್ಧದಲ್ಲೇ ಕೈಬಿಟ್ಟಿದ್ದರು. ಇಷ್ಟೆಲ್ಲ ಆದ ಮೇಲೆ ರಾಜ್ಯದ ಅತ್ಯುನ್ನತ ಅಧಿಕಾರಿಯೊಬ್ಬರು, ಅದೂ ಅಧಿಕೃತ ದಾಖಲೆಯ ಮೇಲೆ, ಚುನಾವಣೆ ಕದ್ದದ್ದೆಂದು ಬರೆದದ್ದು ನನಗೆ ಇಂದಿಗೂ ನೋವು ತರುತ್ತದೆ. ಪದ್ಧತಿ ಕೆಟ್ಟದ್ದೆಂದು ಅವರು ನೂರು ಸಲ ಹೇಳಬಹುದಿತ್ತು, ಬದಲಿಸಲು ಸಹಿ ಸಂಗ್ರಹಿಸಬಹುದಿತ್ತು. ತಾನು ಸತ್ಯವೆಂದು ಪ್ರಮಾಣೀಕರಿಸುತ್ತಿರುವ ಪತ್ರದಲ್ಲೇ ಅದು ಸುಳ್ಳೆಂದು ಬರೆಯುವುದು ವಿರೋಧವಲ್ಲ; ಸೋತವರ ಬೆಂಬಲಿಗರಿಗೆ, ನಿಮ್ಮ ಮತಕ್ಕೆ ಮೋಸವಾಗಿದೆ ಎಂದು ಆಧಾರವಿಲ್ಲದೆ ನಂಬಿಸುವುದು. ಎರಡು ವರ್ಷಗಳ ನಂತರ ಇಡೀ ದೇಶ ಇದೇ ಆರೋಪವನ್ನು ಇನ್ನೂ ದೊಡ್ಡ ದನಿಯಲ್ಲಿ ಕೇಳಬೇಕಾಯಿತು.

ನಾನು ಪ್ರಾಶಸ್ತ್ಯ ಮತದಾನದ ಪರವಾಗಿದ್ದೇನೆ, ಅದಕ್ಕೆ ಕಾರಣ ಬಹುಮತದ ಲೆಕ್ಕವಲ್ಲ. ಮೂರು ನಾಲ್ಕು ಗಟ್ಟಿ ಅಭ್ಯರ್ಥಿಗಳಿರುವ ರಾಜ್ಯದಲ್ಲಿ ಮತದಾರರು, ತಮಗೆ ಬೇಕಾದವರಿಗೆ ಮತ ಹಾಕಿದರೆ ಬೇಡವಾದವರು ಗೆದ್ದುಬಿಡುತ್ತಾರೇನೋ ಎಂಬ ಭಯದಲ್ಲಿ ನಿರ್ಧರಿಸಬೇಕಾಗಿ ಬರುವುದು ತಪ್ಪು. 2014ರಲ್ಲಿ ಕಟ್ಲರ್ ತಮ್ಮವರನ್ನು ಕಳುಹಿಸಿಕೊಡುವ ಮಾತನಾಡಬೇಕಾಗಿ ಬಂದದ್ದು ಆ ಭಯದಿಂದಲೇ. ಇನ್ನೂ ಮುಖ್ಯವಾದ ಕಾರಣವೆಂದರೆ, ಎರಡನೇ ಪ್ರಾಶಸ್ತ್ಯ ಬೇಕಾದವರು ಎದುರಾಳಿಯ ಬೆಂಬಲಿಗರ ಮನೆಬಾಗಿಲಿಗೂ ಹೋಗಿ ಮಾತನಾಡಬೇಕಾಗುತ್ತದೆ. ಲೆಪೇಜ್ ಎಂಟು ವರ್ಷ ಆಡಳಿತ ನಡೆಸಿದ ರೀತಿಯಲ್ಲಿ ನನಗೆ ಕಂಡದ್ದು ಅದರ ಅಭಾವ. ತಮ್ಮವರ ಮೊದಲ ಪ್ರಾಶಸ್ತ್ಯ ಸಾಕು, ಉಳಿದವರ ಮನಸ್ಸು ಗೆಲ್ಲುವ ಅಗತ್ಯವಿಲ್ಲ ಎಂಬಂತೆ ಅವರು ಮಾತನಾಡಿದರು, ವೀಟೊ ಮಾಡಿದರು. ಎಣಿಕೆಯ ನಿಯಮ ಬದಲಾದರೆ ಒಬ್ಬ ಮನುಷ್ಯನ ಸ್ವಭಾವ ಬದಲಾಗುತ್ತದೆಂದು ನಾನು ಹೇಳುತ್ತಿಲ್ಲ. ಆ ಸ್ವಭಾವಕ್ಕೆ ಸಿಗುವ ಪ್ರತಿಫಲ ಬದಲಾಗುತ್ತದೆ.

2018ರ ನವೆಂಬರ್‌ನಲ್ಲಿ, ಯಾವ ಹುದ್ದೆಯ ಕಾರಣಕ್ಕಾಗಿ ಇಷ್ಟೆಲ್ಲ ಹೋರಾಟ ಶುರುವಾಯಿತೋ ಆ ಗವರ್ನರ್ ಹುದ್ದೆಗೆ ಮತದಾನ ನಡೆದದ್ದು ಹಳೆಯ ಪದ್ಧತಿಯಲ್ಲೇ. ಮಿಲ್ಸ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು, ಅಧಿಕಾರ ವಹಿಸಿಕೊಂಡ ಮೊದಲ ದಿನವೇ ಮೆಡಿಕೇಡ್ ವಿಸ್ತರಣೆಗೆ ಆದೇಶ ಹೊರಡಿಸಿದರು. ಫ್ಲಾರಿಡಾಕ್ಕೆ ಹೋಗಿದ್ದ ಲೆಪೇಜ್ ಮರಳಿ ಬಂದು 2022ರಲ್ಲಿ ಮಿಲ್ಸ್ ವಿರುದ್ಧ ನಿಂತರು, ಶೇ. 42ರಷ್ಟು ಮತ ಪಡೆದು ಸೋತರು; ಮಿಲ್ಸ್‌ಗೆ ಶೇ. 55ಕ್ಕೂ ಹೆಚ್ಚು ಬಂದಿತ್ತು. ಅವರನ್ನು ಸೋಲಿಸಲು ಕೊನೆಗೆ ಪ್ರಾಶಸ್ತ್ಯ ಮತದಾನ ಬೇಕಾಗಲಿಲ್ಲ.

ಗವರ್ನರ್ ಚುನಾವಣೆಗೂ ಈ ಪದ್ಧತಿ ಬೇಕೆನ್ನುವವರು ನ್ಯಾಯಮೂರ್ತಿಗಳ 2017ರ ಅಭಿಪ್ರಾಯವನ್ನು ತಪ್ಪಿಸಿಕೊಂಡು ಹೋಗುವ ಅಡ್ಡದಾರಿ ಹುಡುಕುವುದಕ್ಕಿಂತ ಸಂವಿಧಾನ ತಿದ್ದುಪಡಿಗೇ ಕೈಹಾಕಬೇಕು. ಅದಕ್ಕೆ ಶಾಸನಸಭೆಯ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ, ಆಮೇಲೆ ಜನರ ಒಪ್ಪಿಗೆ ಬೇಕು. ರಿಪಬ್ಲಿಕನ್ನರ ನೆರವಿಲ್ಲದೆ ಅದು ಆಗುವ ಕೆಲಸವಲ್ಲ. ಪದ್ಧತಿ ಒಂದು ಪಕ್ಷದ ಆಯುಧವಲ್ಲ ಎಂದು ಆ ಪಕ್ಷದ ಮತದಾರರಿಗೆ ಮನವರಿಕೆ ಮಾಡಿಕೊಡುವ ಕೆಲಸ 2016ರಿಂದ ಬಾಕಿ ಉಳಿದಿದೆ. ಲೆಪೇಜ್ 2025ರ ಮೇ ತಿಂಗಳಿನಲ್ಲಿ ಅದೇ ಎರಡನೇ ಕಾಂಗ್ರೆಸ್ ಕ್ಷೇತ್ರದಿಂದ 2026ರ ಚುನಾವಣೆಗೆ ನಿಲ್ಲುವುದಾಗಿ ಘೋಷಿಸಿದರು. ಅಲ್ಲಿನ ಮತಪತ್ರದಲ್ಲಿ ಪ್ರಾಶಸ್ತ್ಯ ಗುರುತಿಸುವ ಅವಕಾಶವಿರುತ್ತದೆ. ಮೊದಲ ಪ್ರಾಶಸ್ತ್ಯವನ್ನು ಬೇರೆಯವರಿಗೆ ಕೊಟ್ಟವರಲ್ಲಿ ಎರಡನೆಯದನ್ನು ಕೇಳಲು ಅವರಿಗೂ ಅಷ್ಟೇ ಹಕ್ಕಿದೆ, ಅವರ ಬೆಂಬಲಿಗರು ಅದನ್ನು ಅವರಿಂದ ನಿರೀಕ್ಷಿಸಬೇಕು.